ಕಚ್ಚಿದ ಮೇಲೆ ಅದು ಬೀದಿನಾಯಿ

ನಮ್ಮ ಬೈರಕೂರಿನ ಸೀಮೆಯಲ್ಲಿ ನಾಯಿಯಿಲ್ಲದ ಬೀದಿ ಹುಡುಕುವುದು ಕಷ್ಟ. ಕೊಟ್ಟಿಗೆಯ ಹಸುವಿಗೆ ಒಂದು, ಟೊಮೇಟೊ ತೋಟಕ್ಕೆ ಒಂದು, ಮಾವಿನ ತೋಪಿನ ಕಾವಲಿಗೆ ಒಂದು. ರಾತ್ರಿ ಮಿಕ್ಕ ಮುದ್ದೆ, ಸಾರು ಅದರ ಪಾಲು. ಅದಕ್ಕೆ ಹೆಸರೂ ಇರುತ್ತದೆ: ರಾಜ, ಟೈಗರ್, ಕರಿಯ. ಆದರೆ ಅದು ಯಾರನ್ನಾದರೂ ಕಚ್ಚಲಿ, ನೋಡಿ, ಅರ್ಧ ಗಂಟೆಯೊಳಗೆ ಹೆಸರೂ ಹೋಗುತ್ತದೆ, ಮನೆಯೂ ಹೋಗುತ್ತದೆ. "ಅದು ನಮ್ದಲ್ಲ ಟೀಚರಮ್ಮ, ಬೀದೀದು. ಏನೋ ಒಂದು ತುತ್ತು ಹಾಕ್ತಿದ್ವಿ, ಅಷ್ಟೆ." ಮೂವತ್ತು ವರ್ಷದ ನನ್ನ ನೌಕರಿಯಲ್ಲಿ ಈ ಮಾತನ್ನು ಎಷ್ಟು ಬಾಗಿಲಲ್ಲಿ ನಿಂತು ಕೇಳಿದ್ದೇನೋ ಲೆಕ್ಕವಿಲ್ಲ.

ಮುಂದಿನ ಮಾತು ಎಲ್ಲರ ಬಾಯಲ್ಲೂ ಒಂದೇ. "ಪಂಚಾಯ್ತಿಯವರು ಏನ್ ಮಾಡ್ತಿದಾರೆ? ನಾಯಿ ಹಿಡಿಯೋ ಗಾಡಿ ಕರೆಸಬಾರ್ದಾ?" ಗಾಡಿ ಬರಲಿ, ಬೇಡವೆಂದವರಾರು? ಆದರೆ ಗಾಡಿ ಬಂದ ದಿನ ತಮಾಷೆ ನೋಡಬೇಕು. ಅದುವರೆಗೆ ಬೀದಿಯವನಾಗಿದ್ದ ಟೈಗರ್ ಆಗ ಪಡಸಾಲೆಯ ಕಂಬಕ್ಕೆ ಕಟ್ಟಿಸಿಕೊಂಡು ಮನೆಮಗನಂತೆ ಕೂತಿರುತ್ತಾನೆ! ಕಚ್ಚಿದಾಗ ಬೀದಿಯದು, ಹಿಡಿಯಲು ಬಂದಾಗ ಮನೆಯದು. ಈ ಎರಡು ನಾಲಿಗೆಯ ಮೇಲೆಯೇ ನನ್ನ ಜಗಳ.

ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಬಿಸಿಯೂಟದ ತಟ್ಟೆ ತೊಳೆಯಲು ಹೋದ ನಾಲ್ಕನೆಯ ತರಗತಿಯ ಹುಡುಗನ ಮೀನಖಂಡಕ್ಕೆ ಇಂಥ 'ಯಾರದೂ ಅಲ್ಲದ' ನಾಯಿಯೊಂದು ಬಾಯಿ ಹಾಕಿತು. ನಲ್ಲಿಯ ಕೆಳಗೆ ಕಾಲಿಡಿಸಿ ಸೋಪು ಹಚ್ಚಿ ತೊಳೆಯುತ್ತಿದ್ದೆವು. ಅಷ್ಟರಲ್ಲಿ ಅವನ ಅಜ್ಜಿ ಖಾರದಪುಡಿ ಹಿಡಿದು ಓಡಿ ಬಂದರು. ಅವರನ್ನು ತಡೆಯುವುದೇ ದೊಡ್ಡ ಸಾಹಸವಾಯಿತು. ಸೋದರಿಯರೇ, ಇಲ್ಲೇ ಹೇಳಿಬಿಡುತ್ತೇನೆ. ಖಾರ, ಸುಣ್ಣ, ಅರಿಶಿನ, ಕಾಫಿಪುಡಿ ಯಾವುದೂ ಬೇಡ. ಸೋಪು ಮತ್ತು ಹರಿಯುವ ನೀರು, ಪೂರ್ತಿ ಹದಿನೈದು ನಿಮಿಷ. ಆಮೇಲೆ ನೇರವಾಗಿ ಸರ್ಕಾರಿ ಆಸ್ಪತ್ರೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಭಯವನ್ನೂ ಬಿಡಿ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗ ತೋಳಿನ ಚರ್ಮಕ್ಕೆ ಚುಚ್ಚುತ್ತಾರೆ. ಮೊದಲ ದಿನ, ಅಲ್ಲಿಂದ ಮೂರು, ಏಳು ಮತ್ತು ಇಪ್ಪತ್ತೆಂಟು ದಿನಕ್ಕೆ, ಒಟ್ಟು ನಾಲ್ಕು ಸಲ. ರಕ್ತ ಬರುವಂಥ ಗಾಯವಾದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಮರಿ ಕಚ್ಚಿದ್ದು, ಬರೀ ಪರಚಿದ್ದು ಎಂದು ಸುಮ್ಮನಿರಬೇಡಿ. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಡೀ ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು ಮಂದಿ. ಶಂಕಿತ ನಾಯಿ ಕಚ್ಚಿಸಿಕೊಂಡವರಲ್ಲಿ ಶೇಕಡ 40ರಷ್ಟು ಹದಿನೈದು ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೈಸಿಕೊಳ್ಳುವ ಭಯಕ್ಕೆ ಕಚ್ಚಿದ್ದನ್ನೇ ಮುಚ್ಚಿಡುವವರೂ ಅವರೇ.

ಆ ಹುಡುಗನಿಗೆ ಏನೂ ಆಗಲಿಲ್ಲ. ಆದದ್ದು ಅವನ ತಾಯಿಗೆ. ಮೊದಲು ಹೋದ ಆಸ್ಪತ್ರೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್ ಇಲ್ಲವೆಂದರು, ಇನ್ನೊಂದು ಊರಿಗೆ ಬಸ್ಸು ಹತ್ತಿದರು. ಮತ್ತೆ ಮೂರು ಸಲ ಓಡಾಟ. ಟೊಮೇಟೊ ಕೀಳುವ ಕಾಲದಲ್ಲಿ ನಾಲ್ಕು ದಿನದ ಕೂಲಿ ಹೋಯಿತು. ಆ ನಾಯಿಗೆ ದಿನವೂ ಮುದ್ದೆ ಹಾಕುತ್ತಿದ್ದ ಮನೆಯವರು ಬಸ್ ಚಾರ್ಜನ್ನೂ ಕೊಡಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತಮ್ಮ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲೂ ಇಂಥದೇ ಕಲಮಿತ್ತು. ಆದರೆ 'ನಮ್ಮ ವಶದಲ್ಲಿತ್ತು' ಎಂದು ಒಪ್ಪುವವರು ಬೇಕಲ್ಲ!

ಅಲ್ಲ, ಈ ಬೀದಿನಾಯಿಗಳೇನು ಆಕಾಶದಿಂದ ಉದುರಿದವೇ? ಮನೆಯ ನಾಯಿ ಈಯುತ್ತದೆ. ಗಂಡುಮರಿಗಳನ್ನು ನೆಂಟರು ಇಷ್ಟರು ಆರಿಸಿಕೊಂಡು ಹೋಗುತ್ತಾರೆ. ಉಳಿದ ಹೆಣ್ಣುಮರಿಗಳು ಸಿಮೆಂಟ್ ಚೀಲ ಸೇರಿ ಒಂದು ಮುಂಜಾವು ಶಾಲೆಯ ಕಾಂಪೌಂಡಿನ ಹತ್ತಿರ ಕುಂಯ್‌ಗುಡುತ್ತಿರುತ್ತವೆ. ಶಾಲೆಯೇ ಏಕೆ? ಅಲ್ಲಿ ಬಿಸಿಯೂಟವಿದೆ, ಮಕ್ಕಳು ಅನ್ನ ಹಾಕುತ್ತಾರೆ, ತಮಗೆ ಪಾಪ ತಟ್ಟುವುದಿಲ್ಲ ಎಂಬ ಲೆಕ್ಕ. ಹೆಣ್ಣು ಬೇಡವೆನ್ನುವ ನಮ್ಮವರ ಚಾಳಿ ನಾಯಿಯನ್ನೂ ಬಿಡಲಿಲ್ಲ. ಆ ಚೀಲದ ಬಾಯಿ ಕಟ್ಟುವ ಕೈ ಎಷ್ಟೋ ಸಲ ಹೆಣ್ಣುಕೈಯೇ ಎಂಬುದು ನನಗೆ ಹೆಚ್ಚು ಸಂಕಟದ ವಿಷಯ. ಒಂದು ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು, ಸಲಕ್ಕೆ ನಾಲ್ಕೋ ಆರೋ. ಹೀಗೆ ಎಸೆದ ಮರಿಯನ್ನು ಸಾಕಲು ರಸ್ತೆಬದಿಯ ಕೋಳಿಯಂಗಡಿಯ ಕರುಳು, ಕಲ್ಯಾಣಮಂಟಪದ ಹಿಂದಿನ ಎಂಜಲೆಲೆ ಸಿದ್ಧವಾಗಿಯೇ ಇರುತ್ತವೆ.

ಪೇಟೆಯ ಓದುಗರು ಇದು ಹಳ್ಳಿಯ ಕಥೆ ಎಂದು ನಗಬೇಡಿ. ಲ್ಯಾಬ್ರಡಾರ್ ಮರಿಯನ್ನು ದುಡ್ಡು ಕೊಟ್ಟು ತಂದು, ಮೈ ಕಜ್ಜಿಯಾದ ದಿನ ದೂರದ ಬಡಾವಣೆಯಲ್ಲಿ ಇಳಿಸಿ ಬರುವವರು ನಿಮ್ಮ ನಡುವೆಯೇ ಇದ್ದಾರೆ. ಬೆಳಗಾಗುವ ಮುನ್ನ ಸರಪಳಿ ಬಿಚ್ಚಿ, ಪಕ್ಕದ ಮನೆಯ ರಂಗೋಲಿಯ ಮೇಲೆ ಹೇಲಲು ಬಿಡುವವರ ವಿಷಯ ನಾನು ಹೇಳುವುದೇ ಬೇಡ.

ಸರ್ಕಾರದ ತಪ್ಪಿಲ್ಲವೇ? ಖಂಡಿತ ಇದೆ. 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣದ ನಿಯಮ ಬಂತು, 2023ರಲ್ಲಿ ಅದರ ಜಾಗದಲ್ಲಿ ಹೊಸ ನಿಯಮ ಬಂತು. ಬೀದಿನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕು, ಇದು ಸ್ಥಳೀಯ ಸಂಸ್ಥೆಯ ಹೊಣೆ. ಸಾಕುನಾಯಿಯಾದರೆ ಲಸಿಕೆಯೂ ಶಸ್ತ್ರಚಿಕಿತ್ಸೆಯೂ ಯಜಮಾನರ ಹೊಣೆ. ಕಾಗದದಲ್ಲಿ ಎಲ್ಲವೂ ಚೆನ್ನ. ಆದರೆ ಒಂದು ಊರಿನ ನಾಯಿಗಳನ್ನು ರಾತ್ರೋರಾತ್ರಿ ಇನ್ನೊಂದು ಊರಿನ ಗಡಿಯಲ್ಲಿ ಇಳಿಸಿಹೋಗುವುದನ್ನೇ ಕೆಲವರು ನಿಯಂತ್ರಣವೆಂದುಕೊಂಡಿದ್ದಾರೆ. ಎಂಜಲು ಇರುವ ತನಕ ಖಾಲಿಯಾದ ಬೀದಿಗೆ ಪಕ್ಕದ ಬೀದಿಯ ನಾಯಿ ಬಂದೇ ಬರುತ್ತದೆ, ಅದೂ ಲಸಿಕೆಯಿಲ್ಲದ ನಾಯಿ.

2025ರಲ್ಲಿ ಸುಪ್ರೀಂ ಕೋರ್ಟೂ ಇದರಲ್ಲಿ ತಲೆ ಕೆಡಿಸಿಕೊಂಡಿತು. ಆಗಸ್ಟ್ 11ರಂದು ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಿ ಎಂದಿತು. ಆಗಸ್ಟ್ 22ರಂದು ಅದನ್ನು ತಿದ್ದಿ, ರೇಬೀಸ್ ತಗುಲಿದವು ಮತ್ತು ಮೇಲೆ ಬೀಳುವ ಸ್ವಭಾವದವನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಇದ್ದಲ್ಲೇ ಬಿಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್‌ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಮತ್ತೆ ಅಲ್ಲಿ ಬಿಡಕೂಡದು, ಬೇಲಿ ಹಾಕಿ, ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಿ ಎಂದಿತು. ಶಾಲೆಯಲ್ಲಿ ಆ ಅಧಿಕಾರಿ ಮೇಷ್ಟ್ರಲ್ಲದೆ ಇನ್ನಾರು? ಜನಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕ, ಈಗ ನಾಯಿ. ಇರಲಿ, ಅದೂ ಆಗಲಿ. ಆದರೆ ಇಂದು ಶಾಲೆಯಿಂದ ತೆಗೆದ ನಾಯಿಯ ಜಾಗಕ್ಕೆ ನಾಳೆ ಬೆಳಿಗ್ಗೆ ಸಿಮೆಂಟ್ ಚೀಲ ಬಂದರೆ ಯಾವ ಕೋರ್ಟು ಏನು ಮಾಡೀತು?

ಎಲ್ಲವನ್ನೂ ಕೊಲ್ಲಿ ಎನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ. 2007ರಲ್ಲಿ ಬೆಂಗಳೂರಿನಲ್ಲಿ ನಾಯಿಗಳು ಮಕ್ಕಳನ್ನು ಕೊಂದ ಸುದ್ದಿ ಓದಿ ನಾನೂ ರಾತ್ರಿ ನಿದ್ದೆ ಮಾಡಿರಲಿಲ್ಲ. ಆದರೆ ಕೊಲ್ಲುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ, ಕೊಂದು ಮುಗಿಯುವುದೂ ಇಲ್ಲ. ಊರಿನ ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಪ್ರತಿ ವರ್ಷ ಲಸಿಕೆ ಬಿದ್ದರೆ ರೇಬೀಸಿನ ಸರಪಳಿ ಕಡಿಯುತ್ತದೆ ಎನ್ನುತ್ತಾರೆ ಬಲ್ಲವರು. ಇನ್ನು ಬಿಸ್ಕತ್ತು ಎಸೆದು ಸ್ಕೂಟರ್ ಹತ್ತಿ ಹೋಗುವ ದಯಾಮಯಿಗಳಿಗೆ ಒಂದು ಮಾತು: ತಾಯೀ, ಅನ್ನ ಹಾಕಿದ ಕೈಯಲ್ಲೇ ಸೂಜಿಯನ್ನೂ ಹಾಕಿಸಿ. ಸೀತಿಬೆಟ್ಟದ ಭೈರವನಿಗೆ ಕೈ ಮುಗಿಯುವ ಸೀಮೆ ನಮ್ಮದು. ಭೈರವನ ವಾಹನ ನಾಯಿ. ಪೂಜೆಗೆ ಕಡಿಮೆಯಿಲ್ಲ, ಪಶು ಆಸ್ಪತ್ರೆಗೆ ಕರೆದೊಯ್ಯಲು ಮಾತ್ರ ಪುರುಸೊತ್ತಿಲ್ಲ.

ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಹೆಂಗಸರು ಬಾಯಿ ತೆರೆದರೆ ನೀರು, ಚರಂಡಿಯಲ್ಲೇ ಮುಗಿಸಿಬಿಡುತ್ತೇವೆ. ಈ ಸಲ ಇನ್ನೂ ಕೇಳಿ. ನಮ್ಮ ತಾಲ್ಲೂಕಿನಲ್ಲಿ ನಾಯಿಗೆ ಶಸ್ತ್ರಚಿಕಿತ್ಸೆ ಮಾಡುವ ಜಾಗ ಎಲ್ಲಿದೆ? ಅದಕ್ಕೆ ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ? ಕೋಳಿಯಂಗಡಿಯ ಕಸ ಎಲ್ಲಿಗೆ ಹೋಗುತ್ತಿದೆ? ಸ್ತ್ರೀಶಕ್ತಿ ಸಂಘದ ಹತ್ತು ಜನ ಒಟ್ಟಿಗೆ ಎದ್ದು ನಿಂತು ಕೇಳಿದರೆ ಉತ್ತರ ಬರೆದುಕೊಡದೆ ಅವರು ಎಲ್ಲಿಗೆ ಹೋಗುತ್ತಾರೆ?

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಎಷ್ಟೋ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಪುಕ್ಕಟೆ ಲಸಿಕೆ ಹಾಕುತ್ತಾರೆ. ನಿಮ್ಮ ಬಾಗಿಲಲ್ಲಿ ಮುದ್ದೆ ತಿನ್ನುವ ರಾಜನನ್ನೋ ಟೈಗರನ್ನೋ ಹಗ್ಗ ಕಟ್ಟಿ ಕರೆದುಕೊಂಡು ಹೋಗಿ. ಅಲ್ಲಿಯವರು ಚೀಟಿ ಬರೆಯುವಾಗ ಯಜಮಾನರ ಹೆಸರೇನು ಎಂದು ಕೇಳುತ್ತಾರೆ. ನಿಮ್ಮ ಹೆಸರನ್ನೇ ಬರೆಸಿ.