ದ್ವೀಪಕ್ಕೆ ಅವಳು ಒಬ್ಬಳೇ ಹೋಗಲಿ ಬಿಡಿ



ಕ್ರಿಸ್ತಜಯಂತಿ ಮುಗಿದ ಮೇಲೆ ಜನವರಿಯಲ್ಲಿ ಐದು ದಿನ ಒಬ್ಬಳೇ ಅಂಡಮಾನಿಗೆ ಹೋಗಿಬರುತ್ತೇನೆ ಎಂದು ನಮ್ಮ ಯುವಗುಂಪಿನ ಹುಡುಗಿಯೊಬ್ಬಳು ಹೇಳಿದ್ದೇ ತಡ, ಹಿಂದೂಪುರದಿಂದ ಕಲ್ಯಾಣದುರ್ಗದ ನೆಂಟರ ಮನೆಗಳವರೆಗೆ ಫೋನುಗಳು ಓಡಾಡಿದವು. ಯಾರ ಜೊತೆ? ಯಾಕೆ? ದುಡ್ಡೆಲ್ಲಿಂದ? ವರ್ಷವಿಡೀ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿದು, ಭಾನುವಾರ ಗಾನವೃಂದದಲ್ಲಿ ಹಾಡಿ, ಗೋದಲಿ ಕಟ್ಟುವಾಗ ರಾತ್ರಿ ಹನ್ನೊಂದರವರೆಗೆ ನಿಂತವಳು ಅವಳು. ದಣಿದಿದ್ದೀಯಾ ಎಂದು ಮಾತ್ರ ಯಾರೂ ಕೇಳಲಿಲ್ಲ.

ಕೆಲವರು ವಿಶ್ವಾಸದ ಮಾತನ್ನೇ ಎತ್ತಿದ್ದಾರೆ: ಕ್ರೈಸ್ತರು ಸೇವೆಗೆ ಕರೆಯಲ್ಪಟ್ಟವರು, ಒಬ್ಬರೇ ಹೋಗಿ ಕಡಲತೀರದಲ್ಲಿ ಕೂರುವುದು ಸ್ವಾರ್ಥ. ಹಾಗಾದರೆ ಸಂತ ಮಾರ್ಕನ ಶುಭಸಂದೇಶದ 6ನೇ ಅಧ್ಯಾಯ ತೆರೆಯೋಣ. ಊರೂರು ಸುತ್ತಿ ಬಂದ ಶಿಷ್ಯರಿಗೆ ಉಣ್ಣಲೂ ಪುರುಸೊತ್ತಿಲ್ಲ ಎಂದು ಕಂಡ ಯೇಸುಸ್ವಾಮಿ ಅವರನ್ನು ದೋಣಿಯಲ್ಲಿ ನಿರ್ಜನ ಸ್ಥಳಕ್ಕೆ ಕರೆದೊಯ್ದರು. "ಆದರೆ ಜನ ಹಿಂಬಾಲಿಸಿ ಬಂದರಲ್ಲ, ಸ್ವಾಮಿ ಅವರಿಗೆ ಊಟ ಕೊಟ್ಟರಲ್ಲ" ಎನ್ನುತ್ತೀರಿ. ಕೊಟ್ಟರು. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ಮುಂದೆ ಓದಿ: ಶಿಷ್ಯರನ್ನು ದೋಣಿ ಹತ್ತಿಸಿ, ಜನರನ್ನು ಮನೆಗೆ ಕಳುಹಿಸಿ, ಅವರು ಒಬ್ಬರೇ ಬೆಟ್ಟಕ್ಕೆ ಹೋದರು. ಅಷ್ಟು ಜನರಿದ್ದರೂ, ಅಷ್ಟು ಕೆಲಸವಿದ್ದರೂ.

ದುಡ್ಡಿನ ಮಾತನ್ನು ಬೇಗ ಮುಗಿಸುತ್ತೇವೆ. ನಾಮಕರಣಕ್ಕೆ ಸಾಲ ಮಾಡಿ ನೂರಾರು ಜನರಿಗೆ ಬಿರಿಯಾನಿ ಹಾಕಿಸಿದರೆ ಮರ್ಯಾದೆ, ಉಳಿಸಿದ ಸಂಬಳದಲ್ಲಿ ಟಿಕೆಟ್ ತೆಗೆದರೆ ದುಂದುವೆಚ್ಚ. ಇದು ಯಾವ ಲೆಕ್ಕ?

ಹೆಣ್ಣುಮಗಳು ಒಬ್ಬಳೇ ಎಂಬ ಭಯ ಬೇರೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ತಂಗುವ ಜಾಗದ ವಿಳಾಸ, ದೋಣಿಯ ಸಮಯ ಮನೆಯವರ ಕೈಯಲ್ಲಿರಲಿ, ದಿನಕ್ಕೊಮ್ಮೆ ಫೋನ್ ಬರಲಿ. ಚೆನ್ನೈನಿಂದ ಸಮುದ್ರದಡಿ ಎಳೆದ ಕೇಬಲ್ 2020ರಲ್ಲೇ ಚಾಲೂ ಆಗಿದೆ. ಆದರೆ ಇದೇ ಮನೆಗಳ ಹುಡುಗರು ಬೈಕ್ ಹತ್ತಿ ಗೋವಾಕ್ಕೆ ಹೊರಟಾಗ ವಿಳಾಸ ಕೇಳಿದವರು ಯಾರು? ಹೆಲ್ಮೆಟ್ ಕೇಳಿದವರೂ ಇಲ್ಲ.

"ಅಲ್ಲಿ ಏನಿದೆ, ಬರೀ ಮೋಜು" ಎನ್ನುವವರಿಗೂ, ರೀಲ್ಸ್ ನೋಡಿ ಅದೊಂದು ಖಾಲಿ ದ್ವೀಪ ಎಂದುಕೊಂಡ ನಮ್ಮ ವಯಸ್ಸಿನವರಿಗೂ ಒಂದೇ ಉತ್ತರ. ಅಲ್ಲಿ ಜನರಿದ್ದಾರೆ, ನಮ್ಮವರೂ ಇದ್ದಾರೆ. 1918ರಿಂದ ಛೋಟಾನಾಗಪುರದ ಉರಾಂವ್, ಮುಂಡಾ, ಖಡಿಯಾ ಆದಿವಾಸಿಗಳನ್ನು ಕಾಡು ಕಡಿಯಲು ಅಲ್ಲಿಗೆ ಕರೆದೊಯ್ದರು. ಅವರಲ್ಲಿ ಬಹಳ ಮಂದಿ ಕ್ರೈಸ್ತರು. ಇವತ್ತಿಗೂ ಅಲ್ಲಿನ ಜನ ಅವರನ್ನು ರಾಂಚಿಯವರು ಎಂದೇ ಕರೆಯುತ್ತಾರೆ. ಪೋರ್ಟ್ ಬ್ಲೇರ್‌ನಲ್ಲಿ, ಅಂದರೆ ಈಗಿನ ಶ್ರೀ ವಿಜಯಪುರಂನಲ್ಲಿ, ಸ್ಟೆಲ್ಲಾ ಮಾರಿಸ್ ಪ್ರಧಾನಾಲಯವಿದೆ. ಇನ್ನೂ ದಕ್ಷಿಣಕ್ಕೆ, ಪ್ರವಾಸಿಗರಿಗೆ ಪ್ರವೇಶವಿಲ್ಲದ ಕಾರ್ ನಿಕೋಬಾರಿನಲ್ಲಿ, ಬಹುತೇಕ ಎಲ್ಲರೂ ಕ್ರೈಸ್ತರು. ಮೊದಲ ಲೋಕಸಭೆಯಲ್ಲಿ ಕೂತ ಬಿಷಪ್ ಜಾನ್ ರಿಚರ್ಡ್ಸನ್ ಆ ದ್ವೀಪದವರು. 2004ರ ಡಿಸೆಂಬರ್ 26ರ ಬೆಳಿಗ್ಗೆ, ಹಬ್ಬದ ಮರುದಿನ, ಅಲ್ಲಿನ ಕರಾವಳಿಯ ಹಳ್ಳಿಗಳನ್ನು ಸುನಾಮಿ ಕೊಚ್ಚಿಕೊಂಡು ಹೋಯಿತು. ನಮ್ಮ ಗೋದಲಿಯ ಮುಂದೆ ಆ ದಿನ ಅವರ ನೆನಪಿಗೆ ಒಂದು ಮೇಣದ ಬತ್ತಿ ಹಚ್ಚಬಹುದಲ್ಲವೇ?

ದ್ವೀಪಕ್ಕೆ ಒಬ್ಬರೇ ಹೋಗಿ ನಿಜವಾಗಿ ತಪ್ಪು ಮಾಡಿದವರೂ ಇದ್ದಾರೆ. 2018ರ ನವೆಂಬರಿನಲ್ಲಿ ಅಮೆರಿಕದ ಯುವಕ ಜಾನ್ ಅಲೆನ್ ಚೌ ಕಾನೂನು ಮೀರಿ, ಮೀನುಗಾರರಿಗೆ ದುಡ್ಡು ಕೊಟ್ಟು ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿ ಅಲ್ಲಿನವರ ಬಾಣಕ್ಕೆ ಬಲಿಯಾದನು. ಹೊರಗಿನವರ ಸೋಂಕುಗಳನ್ನು ಕಾಣದ ಜನ ಅವರು. ನಮ್ಮ ಒಂದು ನೆಗಡಿ, ದಡಾರ ಇಡೀ ದ್ವೀಪಕ್ಕೆ ಮಾರಿಯಾಗಬಹುದು. ಆದರೂ ಅವನನ್ನು ಹುತಾತ್ಮ ಎಂದು ಕೊಂಡಾಡಿದ ಕ್ರೈಸ್ತರಿದ್ದಾರೆ. ಕರೆಯದವರ ದಡ ಹತ್ತಿದವನಿಗೆ ಹೊಗಳಿಕೆ, ಟಿಕೆಟ್ ತೆಗೆದು ಸ್ವರಾಜ್ ದ್ವೀಪದ ಮರಳಿನಲ್ಲಿ ಸುಮ್ಮನೆ ಕೂರುವವಳಿಗೆ ಬೈಗುಳ!

ಹೆಚ್ಚು ಬೈದವರು ಯಾರು ಎಂದು ನೋಡಿದರೆ ನಮಗೆ ಸಂಕಟವಾಗುತ್ತದೆ. ನಮ್ಮ ತಾಯಂದಿರೇ. ಕಲ್ಯಾಣದುರ್ಗದ ಕಡೆ ಶೇಂಗಾ ಹೊಲದಲ್ಲಿ ಬಗ್ಗಿದವರು, ಮಳೆ ಕೈಕೊಟ್ಟ ವರ್ಷ ಬೆಂಗಳೂರಿನಲ್ಲಿ ಇಟ್ಟಿಗೆ ಹೊತ್ತವರು. ಹಬ್ಬ ಬಂದರೆ ಅವರಿಗೆ ಕಜ್ಜಾಯದ ಬಾಣಲೆ, ನೆಂಟರ ಎಂಜಲು ತಟ್ಟೆ. ನಮಗೆ ಸಿಗದ್ದು ಇವಳಿಗೇಕೆ ಎಂಬ ಮಾತು ಬಾಯಿಗೆ ಬರದಿದ್ದರೂ ಮುಖದಲ್ಲಿದೆ. ಅಮ್ಮಂದಿರೇ, ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ದೇವರು ಆಳಿಗೂ ದಾಸಿಗೂ ಪರದೇಶಿಗೂ ಎತ್ತಿಗೂ ಕತ್ತೆಗೂ ಹೆಸರು ಹಿಡಿದು ವಿಶ್ರಾಂತಿ ಕೊಟ್ಟಿದ್ದಾರೆ. ನಿಮ್ಮ ಪಾಲನ್ನು ಕಿತ್ತುಕೊಂಡದ್ದು ಈ ಹುಡುಗಿಯಲ್ಲ. ಬಿಸಿ ಚಹಾ ಬೇಕೆಂದು ಸೋಫಾದಿಂದ ಕೂಗುವ ನಾವು, ನಿಮ್ಮ ಗಂಡುಮಕ್ಕಳು. ಈ ಸಲ ಹಬ್ಬದ ಮರುದಿನದ ಅಡುಗೆ, ಪಾತ್ರೆ ಎರಡೂ ನಮ್ಮ ಗುಂಪಿನ ಹುಡುಗರದು ಎಂದು ತೀರ್ಮಾನಿಸಿದ್ದೇವೆ. ಸಾರು ಹೇಗಿರುತ್ತದೋ ಗೊತ್ತಿಲ್ಲ.

ಅವಳ ಟಿಕೆಟ್ ಆಗಿದೆ. ಅವಳಿಲ್ಲದ ಭಾನುವಾರದ ಮೊದಲನೇ ವಾಚನಕ್ಕೆ ಇಬ್ಬರು ಹೆಸರು ಕೊಟ್ಟಿದ್ದಾರೆ. ಇನ್ನೂ ಆಕ್ಷೇಪವಿರುವವರು ಅವಳ ಮನೆಯ ಬಾಗಿಲು ತಟ್ಟಬೇಡಿ. ಪೂಜೆ ಮುಗಿದ ಮೇಲೆ ನಮ್ಮ ಸಭೆಗೆ ಬಂದು ನಮ್ಮೆದುರೇ ಹೇಳಿ.