ಕಪಾಟಿನ ಎಂಜಿನ್ನು ಹಳಿಗಿಳಿದಾಗ



ನಮ್ಮ ಸಿರಸಂಗಿಗೆ ರೈಲು ಹಳಿಯಿಲ್ಲ. ರೈಲು ಹತ್ತಬೇಕಾದರೆ ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಆದರೂ ರೈಲ್ವೆ ನೌಕರಿಯಿಂದ ನಿವೃತ್ತರಾದವರ, ದೂರದೇಶ ಸುತ್ತಿ ಬಂದವರ ಮನೆಗಳ ಗಾಜಿನ ಕಪಾಟಿನಲ್ಲಿ ಉಗಿ ಎಂಜಿನ್ನಿನ ಪುಟ್ಟ ಮಾದರಿಯೊಂದು ಇರುವುದುಂಟು. ಮೊಮ್ಮಗು ಅದನ್ನು ದಿಟ್ಟಿಸಿ, “ಅಜ್ಜಾ, ಇದು ಯಾಕ ಓಡೂದಿಲ್ಲ?” ಎಂದು ಕೇಳುತ್ತದೆ. “ಅದು ನೋಡಲಿಕ್ಕೆ ಮಾತ್ರ” ಎಂದು ಹಿರಿಯರು ಮಾತು ಮುಗಿಸುತ್ತಾರೆ. ಆ ಪ್ರಶ್ನೆಯನ್ನು ಅಷ್ಟಕ್ಕೇ ಬಿಡಬಾರದೆಂಬುದು ನಮ್ಮ ಅಭಿಪ್ರಾಯ.

ಚಿತ್ತರಂಜನ್ ಕಾರ್ಖಾನೆಯು 1972ರಲ್ಲಿ ಉಗಿ ಎಂಜಿನ್ನುಗಳ ತಯಾರಿಕೆಯನ್ನು ನಿಲ್ಲಿಸಿತು. 1990ರ ದಶಕ ಮುಗಿಯುವ ಹೊತ್ತಿಗೆ ಅವು ನಿತ್ಯದ ಓಡಾಟದಿಂದಲೂ ಮರೆಯಾದವು. 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿಯೂ 2020ರಲ್ಲಿ ತೆರೆದ ಹುಬ್ಬಳ್ಳಿಯ ಸಂಗ್ರಹಾಲಯದಲ್ಲಿಯೂ ಹಳೆಯ ಎಂಜಿನ್ನುಗಳನ್ನು ಕಾಣಬಹುದು. ಆದರೆ ಅವು ನಿಂತಿವೆ. ರೂಪವು ಉಳಿಯಿತು, ಕ್ರಿಯೆಯು ಕಣ್ಮರೆಯಾಯಿತು. ಸರಳು ಗಾಲಿಯನ್ನು ಹೇಗೆ ತಿರುಗಿಸುತ್ತಿತ್ತೆಂಬುದನ್ನು ಇಂದಿನ ಮಕ್ಕಳು ಕಂಡಿಲ್ಲ. 1855ರಲ್ಲಿ ನಿರ್ಮಾಣವಾದ ‘ಫೇರಿ ಕ್ವೀನ್’ ಎಂಜಿನ್ನು 1909ರಲ್ಲಿ ನಿವೃತ್ತಿಗೊಂಡು, ಬಹುಕಾಲ ಪ್ರದರ್ಶನದ ವಸ್ತುವಾಗಿದ್ದು, 1997ರಲ್ಲಿ ಮತ್ತೆ ಪ್ರಯಾಣಿಕರನ್ನು ಎಳೆಯಿತು. ದೊಡ್ಡದಕ್ಕೆ ಸಾಧ್ಯವಾದದ್ದು ಕಪಾಟಿನ ಚಿಕ್ಕದಕ್ಕೂ ಸಾಧ್ಯ.

ಮೊದಲು ವಿವೇಚನೆ ಬೇಕು. ಯಾರೋ ಕುಶಲಿಗಳು ಕೈಯಾರೆ ಹಿತ್ತಾಳೆಯಲ್ಲಿ ಕಡೆದ ಮಾದರಿಯನ್ನಾಗಲಿ, ನಿವೃತ್ತಿಯ ದಿನ ಗೌರವಪೂರ್ವಕವಾಗಿ ಬಂದ ಕಾಣಿಕೆಯನ್ನಾಗಲಿ ಕೊಯ್ಯಬಾರದು. ಒಮ್ಮೆ ಕೊಯ್ದರೆ ಅದು ಮರಳಿ ಮೊದಲಿನಂತಾಗದು. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಪ್ಲಾಸ್ಟಿಕ್ ಮಾದರಿಯೇ ಈ ಕೆಲಸಕ್ಕೆ ತಕ್ಕದ್ದು.

ಎರಡನೆಯದು ಅಳತೆ. ಬಹಳ ಬಳಕೆಯಲ್ಲಿರುವುದು ನಿಜವಾದುದರ 87ನೆಯ ಒಂದು ಪಾಲಿನ ಪ್ರಮಾಣ. ಅದರ ಹಳಿಗಳ ಅಂತರ 16.5 ಮಿ.ಮೀ. ಇದು ಯುರೋಪ್, ಅಮೆರಿಕಗಳ ಹಳಿಗೆ ಹೊಂದುವ ಲೆಕ್ಕ. ನಮ್ಮ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ 1990ರ ದಶಕದ ಗೇಜ್ ಪರಿವರ್ತನೆಯವರೆಗೆ ಇದ್ದುದು ಮೀಟರ್ ಗೇಜ್. ಸಾವಿರ ಮಿ.ಮೀ.ಯನ್ನು 87ರಿಂದ ಭಾಗಿಸಿದರೆ ಸುಮಾರು 11.5 ಬರುತ್ತದೆ. ಆದ್ದರಿಂದ ನಮ್ಮ ಕಡೆಯ ಹಳೆಯ ಎಂಜಿನ್ನಿನ ಮಾದರಿಗೆ 12 ಮಿ.ಮೀ. ಹಳಿಯೇ ಒಪ್ಪುತ್ತದೆ. ಕೊಳ್ಳುವ ಮೊದಲು ಈ ಲೆಕ್ಕ ಹಾಕದಿದ್ದರೆ ಹಣವೂ ಶ್ರಮವೂ ವ್ಯರ್ಥ.

ಮೂರನೆಯದು ವಿದ್ಯುತ್ತಿನ ಹಾದಿ. ಎರಡು ಹಳಿಗಳೇ ಎರಡು ತಂತಿಗಳೆಂದು ತಿಳಿಯಬೇಕು. ಒಂದರಿಂದ ಬಂದ 12 ವೋಲ್ಟಿನ ವಿದ್ಯುತ್ತು ಗಾಲಿಯ ಮೂಲಕ ಮೋಟರನ್ನು ಹೊಕ್ಕು ಇನ್ನೊಂದರಿಂದ ಹೊರಡುತ್ತದೆ. ಪ್ರದರ್ಶನದ ಮಾದರಿಯ ಪ್ಲಾಸ್ಟಿಕ್ ಗಾಲಿಗಳಲ್ಲಿ ವಿದ್ಯುತ್ತು ಹರಿಯದು. ಲೋಹದ ಗಾಲಿಗಳನ್ನು ಹಾಕಬೇಕು. ಹಾಗೆ ಹಾಕುವಾಗ ಒಂದೇ ಅಚ್ಚಿನ ಎಡಬಲದ ಗಾಲಿಗಳ ನಡುವೆ ವಿದ್ಯುತ್ತು ನೇರವಾಗಿ ಹಾಯದಂತೆ ತಡೆಯಿರಬೇಕು. ಇಲ್ಲವಾದರೆ ಶಾರ್ಟ್ ಆಗುತ್ತದೆ.

ನಾಲ್ಕನೆಯದು ಮೋಟರು. ಅದು ಅತಿವೇಗದಿಂದ ತಿರುಗುವ ವಸ್ತು. ನೇರವಾಗಿ ಅಚ್ಚಿಗೆ ಕಟ್ಟಲಾಗದು. ನಿಮಿಷಕ್ಕೆ 12,000 ಸುತ್ತು ತಿರುಗುವ ಮೋಟರಿಗೆ ನಲವತ್ತಕ್ಕೊಂದರ ವರ್ಮ್ ಗೇರ್ ಜೋಡಿಸಿದರೆ ಗಾಲಿಯು 300 ಸುತ್ತು ತಿರುಗುತ್ತದೆ. ನಮ್ಮ ಮೀಟರ್ ಗೇಜಿನ ವೈಪಿ ಎಂಜಿನ್ನಿನ ದೊಡ್ಡ ಗಾಲಿಯು ಮಾದರಿಯಲ್ಲಿ ಸುಮಾರು 16 ಮಿ.ಮೀ. ವ್ಯಾಸದ್ದಾಗುತ್ತದೆ. ಆಗ ಮಾದರಿಯು ನಿಮಿಷಕ್ಕೆ 15 ಮೀಟರ್ ಓಡುತ್ತದೆ. ಪ್ರಮಾಣಕ್ಕೆ ಹಿಗ್ಗಿಸಿದರೆ ಗಂಟೆಗೆ 78 ಕಿ.ಮೀ. ಆಟಿಕೆಯಂತೆ ಚಿಮ್ಮದೆ ನಿಜವಾದ ರೈಲಿನ ಗಾಂಭೀರ್ಯದಿಂದ ನಡೆಯುವುದಕ್ಕೆ ಈ ಗಣಿತವೇ ಕಾರಣ.

ಎಂಜಿನ್ನಿನ ಹೊಟ್ಟೆಯಲ್ಲಿ ಸ್ಥಳ ಸಾಲದಿದ್ದರೆ ಮೋಟರನ್ನು ಟೆಂಡರಿನಲ್ಲಿ, ಅಂದರೆ ಕಲ್ಲಿದ್ದಲು ನೀರು ಹೊರುವ ಹಿಂಬಂಡಿಯಲ್ಲಿ, ಅಡಗಿಸಬಹುದು. ಇಂಗ್ಲೆಂಡಿನಲ್ಲಿ 1959ರಿಂದ 1962ರವರೆಗೆ ‘ಕಿಟ್‌ಮಾಸ್ಟರ್’ ಹೆಸರಿನಲ್ಲಿ ಓಡದ ಪ್ಲಾಸ್ಟಿಕ್ ಎಂಜಿನ್ನುಗಳು ಮಾರಾಟವಾದವು. ಅವುಗಳನ್ನು ಓಡಿಸಬಯಸಿದವರಿಗಾಗಿ ಅದೇ ಕಂಪನಿ ಮೋಟರುಳ್ಳ ಪುಟ್ಟ ವ್ಯಾನೊಂದನ್ನೂ ಹೊರತಂದಿತು. ಹಿಂದಿನ ವ್ಯಾನು ತಳ್ಳುತ್ತದೆ, ಮುಂದಿನ ಎಂಜಿನ್ನು ಎಳೆದಂತೆ ತೋರುತ್ತದೆ! ಮಾದರಿಯನ್ನು ಹೆಚ್ಚು ಕೊಯ್ಯಲೊಲ್ಲದವರಿಗೆ ಇದು ಸುಲಭದ ಹಾದಿ. ಆದರೆ ಆಗಲೂ ಎಂಜಿನ್ನಿನ ಗಾಲಿಗಳು ಸರಾಗವಾಗಿ ಉರುಳಬೇಕು. ಅಂಟಿನಿಂದ ಬಿಗಿದ ಸರಳು, ಪಿಸ್ಟನ್ನುಗಳನ್ನು ಬಿಡಿಸಲೇಬೇಕು.

ಈ ಕಾರ್ಯದ ತಿರುಳು ಅಲ್ಲಿಯೇ ಇದೆ. ಉಗಿ ಎಂಜಿನ್ನಿನ ಒಂದು ಬದಿಯ ಕ್ರ್ಯಾಂಕಿಗೂ ಇನ್ನೊಂದು ಬದಿಯ ಕ್ರ್ಯಾಂಕಿಗೂ ಸಾಮಾನ್ಯವಾಗಿ 90 ಅಂಶಗಳ ಅಂತರವಿರುತ್ತದೆ. ಒಂದು ಬದಿಯ ಪಿಸ್ಟನ್ನು ತನ್ನ ಹಾದಿಯ ತುದಿಗೆ ಬಂದಾಗ ಅದರ ನೂಕಿನಿಂದ ಗಾಲಿ ತಿರುಗದು. ಆ ಕ್ಷಣದಲ್ಲಿ ನಡುದಾರಿಯಲ್ಲಿರುವ ಇನ್ನೊಂದು ಬದಿಯ ಪಿಸ್ಟನ್ನು ಗಾಲಿಯನ್ನು ದಾಟಿಸುತ್ತದೆ. ಎರಡೂ ಒಟ್ಟಿಗೆ ತುದಿಗೆ ನಿಂತರೆ ಎಂಜಿನ್ನು ಹೊರಡಲಾರದು. ಮಾದರಿಯಲ್ಲಿಯೂ ಎಲ್ಲ ಅಚ್ಚುಗಳ ಗಾಲಿಗಳನ್ನು ಇದೇ ಕೋನಕ್ಕೆ ಕೂಡಿಸಬೇಕು. ಒಂದು ಗಾಲಿ ಕೂದಲೆಳೆಯಷ್ಟು ತಪ್ಪಿದರೂ ಸರಳು ಬಿಗಿದು ಎಂಜಿನ್ನು ಕುಂಟುತ್ತದೆ. ಹತ್ತು ಸಲ ಕೂಡಿಸಿ ಬಿಚ್ಚಿದ ಹುಡುಗನಿಗೆ ಆ ಕೋನದ ಕಾರಣ ಬೆರಳತುದಿಯಲ್ಲಿಯೇ ತಿಳಿಯುತ್ತದೆ. ಪುಸ್ತಕದ ಚಿತ್ರದಿಂದ ಅದು ಅಷ್ಟು ದೃಢವಾಗಿ ದೊರೆಯದು.

ಟೊಳ್ಳಾದ ಪ್ಲಾಸ್ಟಿಕ್ ಎಂಜಿನ್ನು ಹಳಿಯನ್ನು ಹಿಡಿಯದೆ ಜಾರುತ್ತದೆ, ಒಳಗೆ ಭಾರವಿಡಬೇಕು. ಕೆಲವರು ಸೀಸ ಬಳಸುತ್ತಾರೆ. ಸೀಸ ವಿಷಕಾರಿ, ಮಕ್ಕಳಿರುವ ಮನೆಯಲ್ಲಿ ಉಕ್ಕಿನ ಇಲ್ಲವೆ ಹಿತ್ತಾಳೆಯ ತುಂಡುಗಳೇ ಲೇಸು. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಎಂದಿಗೂ ಹಳಿಗೆ ಕೊಡಕೂಡದು. ಮಾದರಿಗಳಿಗೆಂದೇ ಮಾಡಿದ 12 ವೋಲ್ಟಿನ ಸಾಧನವನ್ನು ಬಳಸಬೇಕು. ಬೆಸುಗೆಯ ಕೆಲಸವನ್ನು ಹಿರಿಯರೇ ಮಾಡಬೇಕು.

ಓಡುವ ಕಿರು ರೈಲುಗಳನ್ನು ಮೊದಲು ಕಣ್ಣಾರೆ ಕಾಣಬಯಸುವವರು ಪುಣೆಯ ಕೋಥ್ರೂಡಿನಲ್ಲಿ 1998ರಲ್ಲಿ ಆರಂಭವಾದ ಜೋಶಿಯವರ ಸಂಗ್ರಹಾಲಯಕ್ಕೆ ಮಕ್ಕಳೊಡನೆ ಹೋಗಿಬರಬಹುದು.

ನಮ್ಮೂರಿನ ಕಾಳಿಕಾದೇವಿಯ ಸನ್ನಿಧಿಗೆ ಕಮ್ಮಾರ, ಬಡಿಗ, ಅಕ್ಕಸಾಲಿಗ ಮನೆತನದವರು ದೂರದೂರದಿಂದ ಬರುತ್ತಾರೆ. ಆ ಮನೆಗಳಲ್ಲಿ ವಿದ್ಯೆಯು ಹಿರಿಯರ ಕೈಯಿಂದ ಕಿರಿಯರ ಕೈಗೆ ದಾಟಿ ಬಂದಿದೆ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದ ಹಿರಿಯರ ಕೈಯಲ್ಲಿಯೂ ಅಂತಹ ವಿದ್ಯೆಯಿದೆ. ಉಗಿ ಎಂಜಿನ್ನನ್ನು ಬಿಚ್ಚಿ ಕೂಡಿಸಿದವರು ಈಗ ವೃದ್ಧರಾಗಿದ್ದಾರೆ. ಬರುವ ಬೇಸಿಗೆ ರಜೆಯಲ್ಲಿ ಅವರು ಮೊಮ್ಮಕ್ಕಳೊಡನೆ ಒಂದು ಎಂಜಿನ್ನನ್ನು ಬಿಚ್ಚಿ ಕುಳಿತರೆ, ತಮಗೆ ತಿಳಿದುದನ್ನು ಹೇಳಲು ಮಾತು ಹುಡುಕಬೇಕಾಗಿಲ್ಲ. ಗಾಲಿಯೇ ಮಾತು ತೆಗೆಯುತ್ತದೆ.