ಹಳಗನ್ನಡವನ್ನು ಯಾವ ತರಗತಿಯಿಂದ ಕಲಿಸಬೇಕು?

ನಮ್ಮ ಪ್ರೌಢಶಾಲಾ ಪಠ್ಯಗಳಲ್ಲಿ ಪಂಪ, ರನ್ನರ ಪದ್ಯಭಾಗಗಳು ಬಂದಿವೆ. ಹಳಗನ್ನಡದ ಕಲಿಕೆ ಮಾತ್ರ ಬಂದಿಲ್ಲ. ಶಬ್ದಾರ್ಥ, ಸಾರಾಂಶ, ಕಂಠಪಾಠಗಳ ನಡುವೆ ವಿದ್ಯಾರ್ಥಿಯು ಒಂದು ವಾಕ್ಯವನ್ನಾದರೂ ತಾನಾಗಿಯೇ ಬಿಡಿಸಿ ಓದುವ ಪ್ರಸಂಗ ಅಪರೂಪ. ಎಂ.ಎ. ತರಗತಿಗೆ ಬಂದವರೂ ಗದ್ಯಾನುವಾದವನ್ನೇ ನೆಚ್ಚಿಕೊಳ್ಳುವುದರ ಮೂಲ ಇಲ್ಲಿದೆ. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ದೊರೆತದ್ದು 2008ರಲ್ಲಿ; ಆ ಸ್ಥಾನಕ್ಕೆ ಆಧಾರವಾದ ಗ್ರಂಥಗಳನ್ನು ನೇರವಾಗಿ ಓದಬಲ್ಲವರು ನಮ್ಮ ವಿಭಾಗಗಳೊಳಗೇ ವಿರಳರಾಗುತ್ತಿದ್ದಾರೆ. ಸ್ನಾತಕೋತ್ತರ ಹಂತದಲ್ಲಿ ಇದಕ್ಕೆ ಮದ್ದು ಹುಡುಕುವುದು ತಡವಾದ ಮಾತು. ಆರರಿಂದ ಎಂಟನೆಯ ತರಗತಿಯವರೆಗೆ ಹಳಗನ್ನಡವನ್ನು ಕಾವ್ಯವಾಗಿ ಅಲ್ಲ, ಭಾಷೆಯಾಗಿ ಕಲಿಸಬೇಕೆಂಬುದು ನನ್ನ ವಾದ.

ಇಂಗ್ಲೆಂಡಿನಲ್ಲಿ ಎಳೆಯರಿಗೆ ಲ್ಯಾಟಿನ್ ಕಲಿಸಲು ಬಾರ್ಬರಾ ಬೆಲ್ 1999ರಲ್ಲಿ ಪ್ರಕಟಿಸಿದ ‘ಮಿನಿಮಸ್’ ವರ್ಜಿಲನಿಂದ ಆರಂಭವಾಗುವುದಿಲ್ಲ. ವಿಂಡೋಲಾಂಡ ಕೋಟೆಯಲ್ಲಿದ್ದ ರೋಮನ್ ದಳಪತಿಯ ಸಂಸಾರ ಮತ್ತು ಒಂದು ಇಲಿ ಅದರ ಪಾತ್ರಗಳು. ಇಲಿ ಕಲ್ಪಿತ, ದಳಪತಿ ಮತ್ತು ಅವನ ಹೆಂಡತಿಯ ಹೆಸರುಗಳು ಅಲ್ಲಿಯೇ ದೊರೆತ ತೆಳುಹಲಗೆಯ ಪತ್ರಗಳಲ್ಲಿವೆ.

ಅಂಥ ನೆಲದ ಸಾಕ್ಷ್ಯ ದಕ್ಷಿಣ ಬೆಂಗಳೂರಿಗೂ ಇದೆ. ಬಿಟಿಎಂ ಬಡಾವಣೆಯಿಂದ ಕೆಲವೇ ಕಿಲೋಮೀಟರ್ ಆಚೆ, ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ, ಕ್ರಿ.ಶ. 900ರ ಆಸುಪಾಸಿನ ಶಾಸನವೊಂದು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಹೇಳುತ್ತದೆ. ತನ್ನ ಊರಿನ ಹೆಸರನ್ನು ಕಲ್ಲಿನ ಮೇಲೆ ಕಂಡ ಮಗುವಿಗೆ ಹಳಗನ್ನಡದ ಮೊದಲ ಪಾಠಕ್ಕೆ ಬೇರೆ ಪೀಠಿಕೆ ಬೇಕಿಲ್ಲ.

ಮನೆಮಾತು ಕನ್ನಡವಲ್ಲದ ಮಕ್ಕಳೇ ಹೆಚ್ಚಿರುವಲ್ಲಿ ಇದು ಸಾಧ್ಯವೇ ಎಂಬ ಪ್ರಶ್ನೆ ಸಹಜ. ಆದರೆ ‘ಹಾಲು’, ‘ಹುಲಿ’ಗಳ ಹಿಂದಿನ ‘ಪಾಲ್’, ‘ಪುಲಿ’ಗಳು ತಮಿಳು ಮಗುವಿಗೆ ಮನೆಯ ಮಾತುಗಳೇ, ತೆಲುಗು ಮಗುವಿಗೂ ‘ಪಾಲು’, ‘ಪುಲಿ’ ಹೊಸವಲ್ಲ. ನಾವು ಕಳೆದುಕೊಂಡ ೞಕಾರವನ್ನು ತಮಿಳು, ಮಲಯಾಳಗಳು ಇಂದಿಗೂ ಉಳಿಸಿಕೊಂಡಿವೆ. ‘ಏೞ್’ ಎಂಬುದನ್ನು ಉಚ್ಚರಿಸಿ ತೋರಿಸಲು ಆ ಮಗುವನ್ನೇ ಎದ್ದು ನಿಲ್ಲಿಸಬಹುದು. ಹೊಸಗನ್ನಡದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಇಲ್ಲಿ ಮುಂದಿನ ಬೆಂಚು ದೊರೆಯುತ್ತದೆ.

ವ್ಯಾಕರಣ ಭಾರವಾದೀತೆಂಬ ಆಕ್ಷೇಪವನ್ನಂತೂ ನಾನು ಒಪ್ಪಲಾರೆ. ಜಯನಗರ, ಬನಶಂಕರಿಗಳಲ್ಲಿ ಅಂಕದ ಆಸೆಗೆ ಸಂಸ್ಕೃತವನ್ನು ಆಯ್ದುಕೊಂಡ ಮಕ್ಕಳು ಏಳು ವಿಭಕ್ತಿ, ಮೂರು ವಚನಗಳನ್ನು ಒಪ್ಪಿಸುತ್ತಾರೆ. ಅವರಿಗೆ ‘ಮನೆಯೊಳ್’, ‘ಮರದಿಂ’ ಹೊರೆಯಾಗುವುದೆ?

ನಿಜವಾದ ತೊಡಕು ಶಿಕ್ಷಕರ ಸಿದ್ಧತೆಯದು, ಅದರ ಹೊಣೆ ವಿಶ್ವವಿದ್ಯಾಲಯದ ವಿಭಾಗಗಳದು. ಸಣ್ಣ ಸಣ್ಣ ಗದ್ಯವಾಕ್ಯಗಳ ಪುಸ್ತಿಕೆಯೊಂದನ್ನು ನಾವು ಸಿದ್ಧಪಡಿಸಿ, ಬೇಗೂರಿನ ಸಮೀಪದ ಒಂದೆರಡು ಶಾಲೆಗಳಲ್ಲಿ ವಾರಕ್ಕೊಂದು ಅವಧಿಯಂತೆ ಒಂದು ವರ್ಷ ಪ್ರಯೋಗಿಸಬಹುದು. ಪರೀಕ್ಷೆ ಸದ್ಯಕ್ಕೆ ಬೇಡ. ಅದು ಬಂದೊಡನೆ ಸಾರಾಂಶವೂ ಹಿಂಬಾಲಿಸುತ್ತದೆ.